ಪಕ್ಕದ ಹಿತ್ತಿಲಿನ ಮರ ಮತ್ತು ನಮ್ಮ ಕಿಟಕಿ: ಒಂದು ಕಾನೂನಿನ ಚರಿತ್ರೆ

ಮಂಜೇಶ್ವರದಿಂದ ಕಾಸರಗೋಡಿನ ತನಕ ಕಡಲ ಬದಿಯ ನಮ್ಮ ಊರುಗಳಲ್ಲಿ ಹಂಚಿನ ಮನೆಗಳು ಕಡಿಮೆಯಾಗುತ್ತಿವೆ. ಅವುಗಳ ಜಾಗದಲ್ಲಿ ಮಾಳಿಗೆ ಇರುವ ಟೆರೇಸ್ ಮನೆಗಳು ಬಂದಿವೆ. ಹಂಚಿನ ಮನೆಯ ಜಗಲಿಯಲ್ಲಿ ಕುಳಿತವರಿಗೆ ಪಕ್ಕದ ಹಿತ್ತಿಲಿನ ಮರವೆಂದರೆ ತಂಪು. ಮಾಳಿಗೆಯ ಬಾಲ್ಕನಿಯಲ್ಲಿ ನಿಂತವರಿಗೆ ಅದೇ ಮರ ಅಡ್ಡ. ಮರ ಇದ್ದಲ್ಲೇ ಇದೆ, ನಾವು ನಿಲ್ಲುವ ಎತ್ತರ ಮಾತ್ರ ಬದಲಾಗಿದೆ.

"ಗಲ್ಫಿನಲ್ಲಿ ದುಡಿದು ಇಷ್ಟು ಖರ್ಚು ಮಾಡಿ ಮನೆ ಕಟ್ಟಿದ್ದು, ಬಾಲ್ಕನಿಯಿಂದ ಸಮುದ್ರವೇ ಕಾಣುವುದಿಲ್ಲ. ಅವರ ಮರ ಕಡಿಸಲಿಕ್ಕೆ ಕೇಸು ಹಾಕಬಹುದಾ?" ಈ ಪ್ರಶ್ನೆಯನ್ನು ನಮ್ಮ ಅಂಗಡಿಯ ಮುಂದಿನ ಬೆಂಚಿನಲ್ಲಿ ಬೇರೆ ಬೇರೆಯವರ ಬಾಯಿಯಿಂದ ಕೇಳಿದ್ದೇನೆ. ನಾನು ವಕೀಲನಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಆದರೆ ಈ ಪ್ರಶ್ನೆಯ ಹಿಂದೆ ನಾನೂರು ವರ್ಷದ ಒಂದು ಚರಿತ್ರೆ ಉಂಟು, ಅದನ್ನು ಓದಿದರೆ ಉತ್ತರ ಸುಲಭವಾಗಿ ಅರ್ಥವಾಗುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನೋಟಕ್ಕೆ, ಅಂದರೆ ದೂರದ ಚಂದವನ್ನು ನೋಡುವುದಕ್ಕೆ, ನಮ್ಮ ಕಾನೂನು ಹಕ್ಕು ಕೊಡುವುದಿಲ್ಲ. ಬೆಳಕಿಗೆ ಕೊಡುತ್ತದೆ, ಗಾಳಿಗೆ ಕೊಡುತ್ತದೆ, ಜೀವಕ್ಕೆ ಅಪಾಯ ಇದ್ದರೆ ಖಂಡಿತ ಕೇಳುತ್ತದೆ. ನೋಟಕ್ಕೆ ಇಲ್ಲ.

ಹಂದಿಗೂಡಿನ ಕೇಸು

1610ರಲ್ಲಿ ಇಂಗ್ಲೆಂಡಿನ ಕಿಂಗ್ಸ್ ಬೆಂಚ್ ಕೋರ್ಟಿಗೆ ಒಂದು ಕೇಸು ಬಂತು. ನಾರ್ಫೋಕ್ ಪ್ರಾಂತದ ವಿಲಿಯಂ ಆಲ್ಡ್ರೆಡ್ ಎಂಬವನ ಮನೆಯ ಪಕ್ಕದಲ್ಲೇ ನೆರೆಯವನಾದ ಥಾಮಸ್ ಬೆಂಟನ್ ಹಂದಿಗೂಡು ಕಟ್ಟಿದ್ದ. ವಾಸನೆ ತಡೆಯಲಾಗುತ್ತಿರಲಿಲ್ಲ. ಆಲ್ಡ್ರೆಡ್ ಗೆದ್ದ. ಎಡ್ವರ್ಡ್ ಕೋಕ್ ಬರೆದಿಟ್ಟ ಈ ಕೇಸಿನ ವರದಿಯಲ್ಲಿ ಮನೆಗೆ ಬೇಕಾದುವು ಯಾವುವು ಎಂಬ ವಿಂಗಡಣೆ ಬರುತ್ತದೆ. ಶುದ್ಧ ಗಾಳಿ ಮತ್ತು ಬೆಳಕು ಬದುಕಿಗೆ ಅಗತ್ಯ, ಅವನ್ನು ಕೆಡಿಸಿದರೆ ದಾವೆ ಹೂಡಬಹುದು. ಕಿಟಕಿಯಿಂದ ಕಾಣುವ ಒಳ್ಳೆಯ ನೋಟ ಮನಸ್ಸಿಗೆ ಸಂತೋಷ ಕೊಡುವ ಸಂಗತಿ ಮಾತ್ರ, ಅದು ಹೋಯಿತೆಂದು ದಾವೆ ಹೂಡಲು ಬರುವುದಿಲ್ಲ.

ಅಗತ್ಯ ಬೇರೆ, ಸಂತೋಷ ಬೇರೆ ಎಂಬ ಈ ಗೆರೆಯೇ ಮುಂದೆ ಬ್ರಿಟಿಷರು ಹೋದ ಕಡೆಗೆಲ್ಲ ಹೋಯಿತು. ನಮ್ಮಲ್ಲಿಗೂ ಬಂತು.

ಈ ಗೆರೆ ಇಂಗ್ಲಿಷರದ್ದು ಮಾತ್ರ ಎಂದು ತಿಳಿಯಬೇಡಿ. ತುರ್ಕಿಯ ಉಸ್ಮಾನಿಯಾ ಸರಕಾರ 1869ರಿಂದ 1876ರ ನಡುವೆ ಹನಫಿ ಫಿಕ್‌ಹ್ ಆಧಾರದಲ್ಲಿ 'ಮಜಲ್ಲ' ಎಂಬ ಸಿವಿಲ್ ಕಾನೂನು ಸಂಹಿತೆಯನ್ನು ಹೊರತಂದಿತು. ಅಹ್ಮದ್ ಜೆವ್ದೆತ್ ಪಾಷಾ ಅದರ ಸಮಿತಿಯ ಮುಖ್ಯಸ್ಥರು. ಅದರ 1201ನೇ ಕಲಂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಮನೆಯ ನೋಟಕ್ಕೆ ಅಡ್ಡವಾಗುವುದು ನೆರೆಯವನಿಗೆ ಮಾಡಿದ 'ವಿಪರೀತ ಹಾನಿ' ಎನಿಸುವುದಿಲ್ಲ, ಕೋಣೆಯ ಬೆಳಕನ್ನು ಪೂರ್ತಿ ಮುಚ್ಚುವುದು ವಿಪರೀತ ಹಾನಿ. 1196ನೇ ಕಲಂ ಮರದ ಬಗ್ಗೆಯೇ ಇದೆ. ನೆರೆಯವನ ಮರದ ಗೆಲ್ಲು ನಮ್ಮ ಜಾಗಕ್ಕೆ ಚಾಚಿದರೆ ಅದನ್ನು ಕಟ್ಟಿಸಬಹುದು ಅಥವಾ ಕಡಿಸಬಹುದು. ಆದರೆ ಮರದ ನೆರಳಿನಿಂದ ನನ್ನ ಬೆಳೆಗೆ ತೊಂದರೆ ಎಂದು ಹೇಳಿ ಮರವನ್ನೇ ಕಡಿಸಲು ಬರುವುದಿಲ್ಲ. ಕುವೈತಿನಲ್ಲಿ 1980ರ ಹೊಸ ಸಿವಿಲ್ ಕೋಡ್ ಬರುವ ತನಕ ಮಜಲ್ಲವೇ ಚಾಲ್ತಿಯಲ್ಲಿತ್ತು. ನಮ್ಮಲ್ಲಿ ಅದು ಎಂದೂ ಜಾರಿಯಲ್ಲಿರಲಿಲ್ಲ. ಆದರೂ ಲಂಡನ್ ಮತ್ತು ಇಸ್ತಾಂಬುಲ್, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಯಲ್ಲಿ ನಡೆದು, ಒಂದೇ ಜಾಗಕ್ಕೆ ಬಂದು ನಿಂತದ್ದು ಗಮನಿಸಬೇಕಾದ ವಿಷಯ.

ಅದೇ ಇಸ್ತಾಂಬುಲ್ ಕಾನ್‌ಸ್ಟಾಂಟಿನೋಪಲ್ ಆಗಿದ್ದಾಗ ಮಾತ್ರ ಕಾನೂನು ಬೇರೆ ಇತ್ತು. ಐದನೇ ಶತಮಾನದ ಕೊನೆಗೆ ಆಳಿದ ಝೆನೊ ಚಕ್ರವರ್ತಿಯ ಕಟ್ಟಡದ ಕಾನೂನಿನಲ್ಲಿ ಸಮುದ್ರದ ನೋಟಕ್ಕೆ ರಕ್ಷಣೆ ಇತ್ತು. ನೂರು ಅಡಿಯ ಒಳಗೆ ಕಟ್ಟುವವನು ನೆರೆಯವನ ಸಮುದ್ರದ ನೋಟವನ್ನು ಮುಚ್ಚುವ ಹಾಗಿರಲಿಲ್ಲ. ಹಾಗಾದರೆ ನೋಟಕ್ಕೆ ಹಕ್ಕು ಕೊಡುವುದು ಅಸಾಧ್ಯವೇನಲ್ಲ. ಸರಕಾರ ಬೇಕೆಂದೇ ಕಾನೂನು ಮಾಡಬೇಕು, ಅಷ್ಟೆ.

1882ರ ಕಾನೂನು ನಮ್ಮಲ್ಲಿಗೆ ಬಂದದ್ದು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಹೋಗಿ ಮದ್ರಾಸ್ ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು. ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಇದು ಇಲ್ಲಿ ಮುಖ್ಯ, ಯಾಕೆಂದರೆ 1882ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟ್ ಮೊದಲಿಗೆ ಜಾರಿಯಾದದ್ದು ಮದ್ರಾಸ್ ಪ್ರಾಂತ, ಮಧ್ಯ ಪ್ರಾಂತ ಮತ್ತು ಕೊಡಗಿನಲ್ಲಿ. ಬೊಂಬಾಯಿ ಪ್ರಾಂತಕ್ಕೆ ಅದು ಹೋದದ್ದು 1891ರಲ್ಲಿ. ಅಂದರೆ ನಮ್ಮ ಜಿಲ್ಲೆ ಈ ಕಾನೂನಿನ ಕೆಳಗೆ ಮೊದಲ ದಿನದಿಂದಲೇ ಇದೆ. ಇದರ ಕರಡು ಬರೆದ ವಿಟ್ಲಿ ಸ್ಟೋಕ್ಸ್ ಐರ್ಲೆಂಡಿನವರು, ಹಳೆಯ ಐರಿಷ್ ಭಾಷೆಯ ದೊಡ್ಡ ಪಂಡಿತರು.

1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ. ಹೈಕೋರ್ಟು ಬೇರೆಯಾಯಿತು, ಕಚೇರಿಯ ಭಾಷೆ ಬೇರೆಯಾಯಿತು. ಆದರೆ ಬೇಲಿಯ ಈಚೆ ಆಚೆಯ ಹಕ್ಕಿನ ಕಾನೂನು ತಲಪಾಡಿಯ ಎರಡೂ ಬದಿಯಲ್ಲಿ ಇಂದಿಗೂ ಒಂದೇ. ಉಳ್ಳಾಲದ ಅಣ್ಣನಿಗೂ ಉಪ್ಪಳದ ತಮ್ಮನಿಗೂ ಅದೇ 1882ರ ಆಕ್ಟ್.

ಈಸ್‌ಮೆಂಟ್ ಎಂದರೆ ಬೇರೆಯವರ ಜಾಗದ ಮೇಲೆ ನಮ್ಮ ಜಾಗದ ಅನುಕೂಲಕ್ಕಾಗಿ ಇರುವ ಹಕ್ಕು. ದಾರಿ, ನೀರು, ಬೆಳಕು, ಗಾಳಿ ಇವೆಲ್ಲ ಅದರಲ್ಲಿ ಬರುತ್ತವೆ. ಬೆಳಕಿನ ವಿಷಯ 15ನೇ ಸೆಕ್ಷನ್ನಿನಲ್ಲಿ ಇದೆ. ಒಂದು ಕಟ್ಟಡಕ್ಕೆ 20 ವರ್ಷ ತಡೆಯಿಲ್ಲದೆ, ಜಗಳವಿಲ್ಲದೆ ಬೆಳಕು ಅಥವಾ ಗಾಳಿ ಬಂದಿದ್ದರೆ ಅದು ಹಕ್ಕಾಗುತ್ತದೆ. ಮೊನ್ನೆ ಮೊನ್ನೆ ಕಟ್ಟಿದ ಮಾಳಿಗೆಯ ಕಿಟಕಿಗೆ ಆ ಹಕ್ಕು ಇನ್ನೂ ಹುಟ್ಟಿಲ್ಲ. 17ನೇ ಸೆಕ್ಷನ್ ಪ್ರಕಾರ ಖಾಲಿ ಜಾಗಕ್ಕೆ, ಅಂದರೆ ಅಂಗಳಕ್ಕೆ ತೋಟಕ್ಕೆ, ಬೆಳಕು ಬರುವ ಹಕ್ಕು ಎಷ್ಟು ವರ್ಷ ಕಳೆದರೂ ಈ ದಾರಿಯಲ್ಲಿ ಸಿಗುವುದಿಲ್ಲ.

ಹಕ್ಕು ಇದ್ದರೂ ಸಾಲದು. 33ನೇ ಸೆಕ್ಷನ್ ಪ್ರಕಾರ ನಷ್ಟ ದೊಡ್ಡದಿರಬೇಕು: ಮನೆಯ ಬೆಲೆ ಇಳಿಯುವಷ್ಟು, ಅಥವಾ ಒಳಗೆ ಇರುವವರ ದೇಹಸುಖಕ್ಕೆ ನಿಜವಾದ ತೊಂದರೆ ಆಗುವಷ್ಟು, ಅಥವಾ ಅಲ್ಲಿ ನಡೆಯುವ ಕೆಲಸ ಕೆಡುವಷ್ಟು. 1904ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಬೆಳಕಿನ ಒಂದು ಪ್ರಸಿದ್ಧ ಕೇಸಿನಲ್ಲಿ ಇದೇ ರೀತಿಯ ಅಳತೆ ಕೊಟ್ಟಿತು. ಎಷ್ಟು ಬೆಳಕು ಹೋಯಿತು ಎಂಬುದಕ್ಕಿಂತ, ಉಳಿದ ಬೆಳಕಿನಲ್ಲಿ ಸಾಮಾನ್ಯ ಮನುಷ್ಯ ಆರಾಮವಾಗಿ ಬದುಕಬಹುದೇ ಎಂದು ನೋಡಬೇಕು.

ಇನ್ನು 36ನೇ ಸೆಕ್ಷನ್. ಇದು ಎಲ್ಲರೂ ತಿಳಿದಿರಬೇಕಾದದ್ದು. ನಿಮಗೆ ಬೆಳಕಿನ ಹಕ್ಕು ನಿಜವಾಗಿ ಇದ್ದರೂ ಅಡ್ಡವಾದದ್ದನ್ನು ನೀವೇ ಹೋಗಿ ತೆಗೆಯುವ ಹಾಗಿಲ್ಲ. ಕೋರ್ಟಿನ ಮೂಲಕವೇ ಆಗಬೇಕು. ರಾತ್ರಿ ಗರಗಸ ಹಿಡಿದು ಪಾಗಾರ ಹಾರಿದರೆ ಸಿವಿಲ್ ಕೇಸು ಕ್ರಿಮಿನಲ್ ಕೇಸಾಗುತ್ತದೆ.

ನಮ್ಮ ಸೂರ್ಯ, ಅವರ ಸೂರ್ಯ

ಇಂಗ್ಲೆಂಡಿನಲ್ಲಿ ಮರದ ಜಗಳ ದೇಶದ ದೊಡ್ಡ ವಿಷಯವೇ ಆಗಿ, 2003ರಲ್ಲಿ ಪಾರ್ಲಿಮೆಂಟು ಎತ್ತರದ ಬೇಲಿಮರಗಳಿಗೆಂದೇ ಕಾನೂನು ಮಾಡಿತು. 2005ರಿಂದ ಅದು ಅಲ್ಲಿ ಜಾರಿಯಲ್ಲಿದೆ. ಸದಾ ಹಸಿರಾಗಿರುವ ಎರಡು ಅಥವಾ ಹೆಚ್ಚು ಮರಗಳ ಸಾಲು 2 ಮೀಟರಿಗಿಂತ ಎತ್ತರ ಬೆಳೆದು ನೆರೆಯವರ ಬೆಳಕಿಗೆ ಅಡ್ಡವಾಗಿ, ಅವರು ತಮ್ಮ ಮನೆಯನ್ನು ನೆಮ್ಮದಿಯಿಂದ ಅನುಭವಿಸಲು ಆಗದಿದ್ದರೆ ಸ್ಥಳೀಯ ಕೌನ್ಸಿಲಿಗೆ ದೂರು ಕೊಡಬಹುದು. ಇದಕ್ಕೆ ಮುಖ್ಯ ಕಾರಣ ಲೇಲ್ಯಾಂಡ್ ಸೈಪ್ರಸ್ ಎಂಬ ಮರ. ವರ್ಷಕ್ಕೆ ಸುಮಾರು ಒಂದು ಮೀಟರ್ ಬೆಳೆಯುತ್ತದೆ, ಗೋಡೆಯ ಹಾಗೆ ದಟ್ಟವಾಗುತ್ತದೆ.

ಅಲ್ಲಿಗೆ ಬೇಕಾದ ಕಾನೂನು ನಮ್ಮಲ್ಲಿ ಯಾಕೆ ಬರಲಿಲ್ಲ? ಡಿಪ್ಲೊಮಾದಲ್ಲಿ ಕಲಿತ ತ್ರಿಕೋನಮಿತಿಯಿಂದಲೇ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. 15 ಮೀಟರ್ ಎತ್ತರದ ಮರ ಎಂದು ಇಟ್ಟುಕೊಳ್ಳಿ. ಲಂಡನಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಅದರ ನೆರಳು ಸುಮಾರು 55 ಮೀಟರ್ ಉದ್ದ. ಒಂದು ಮರ ಮೂರು ಮನೆಗಳ ಬಿಸಿಲನ್ನು ತಿನ್ನಬಹುದು. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅದೇ ದಿನ, ಅದೇ ಮರದ ನೆರಳು ಇಲ್ಲಿ ಸುಮಾರು 11 ಮೀಟರ್. ಜೂನ್ 21ಕ್ಕೆ ಬರೀ 3 ಮೀಟರ್, ಅದೂ ದಕ್ಷಿಣಕ್ಕೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆರಳು ಬುಡದಲ್ಲೇ ಬೀಳುತ್ತದೆ. ಆ ಸೆಕೆಯಲ್ಲಿ ಬಿಸಿಲು ಕಡಿಮೆಯಾಯಿತೆಂದು ಅಳುವವರು ನಮ್ಮಲ್ಲಿ ಇಲ್ಲ. ನಮ್ಮ ಮರದ ದೂರುಗಳೇ ಬೇರೆ: ತೆಂಗಿನ ಕಾಯಿ ಕಾರಿನ ಮೇಲೆ ಬಿತ್ತು, ಮಡಲು ಶೀಟಿನ ಮೇಲೆ ಬಿತ್ತು, ಹಲಸಿನ ಬೇರು ಬಾವಿಯ ಕಟ್ಟೆ ಒಡೆಯಿತು, ಮಳೆಗಾಲದಲ್ಲಿ ತರಗೆಲೆ ಬಂದು ಟೆರೇಸಿನ ನೀರಿನ ಪೈಪು ಕಟ್ಟಿತು. ಸಮುದ್ರ ಕಾಣುವುದಿಲ್ಲ ಎಂಬ ದೂರು ಈಗ ಹೊಸದಾಗಿ ಸೇರಿದೆ.

ಈ ಹೊಸ ದೂರಿಗೆ ಹೊಸ ಕಾನೂನು ಮಾಡಿದ ಕೆಲವು ಜಾಗಗಳು ಜಗತ್ತಿನಲ್ಲಿ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿರುವ ಟಿಬ್ಯುರಾನ್ ಎಂಬ ಸಣ್ಣ ಪಟ್ಟಣ ನೋಟ ಮತ್ತು ಬಿಸಿಲನ್ನು ಮರಗಳಿಂದ ಕಾಪಾಡುವ ನಿಯಮ ಮಾಡಿತು. ಪಟ್ಟಣಕ್ಕೆ ಆ ಅಧಿಕಾರ ಇದೆ ಎಂದು 1997ರಲ್ಲಿ ಅಲ್ಲಿನ ಅಪೀಲು ಕೋರ್ಟು ಒಪ್ಪಿತು. ಅದೇ ರಾಜ್ಯ 1978ರಲ್ಲೇ ಸೋಲಾರ್ ಪ್ಯಾನೆಲಿಗೆ ನೆರಳು ಹಾಕುವ ಮರಗಳ ಬಗ್ಗೆ ಕಾನೂನು ಮಾಡಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ನೆರೆಹೊರೆಯ ಮರದ ಜಗಳಕ್ಕೆಂದೇ 2006ರಲ್ಲಿ ಒಂದು ಕಾನೂನು ತಂದು, 2010ರಲ್ಲಿ ಅದಕ್ಕೆ ನೋಟದ ವಿಷಯವನ್ನೂ ಸೇರಿಸಿತು. ಬೇಲಿಯಂತೆ ನೆಟ್ಟ ಎರಡಾದರೂ ಮರ ಇರಬೇಕು, ಎತ್ತರ 2.5 ಮೀಟರ್ ದಾಟಿರಬೇಕು, ಅಡ್ಡ ತೀವ್ರವಾಗಿರಬೇಕು. ಕ್ವೀನ್ಸ್‌ಲ್ಯಾಂಡಿನ 2011ರ ಕಾನೂನು ಇನ್ನೊಂದು ಒಳ್ಳೆಯ ಪ್ರಶ್ನೆ ಕೇಳುತ್ತದೆ: ನೀವು ಈ ಮನೆಗೆ ಬಂದಾಗ ಆ ನೋಟ ಇತ್ತೇ? ಇರಲಿಲ್ಲವಾದರೆ ಕಳಕೊಂಡದ್ದು ಏನು?

ಈ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ಕೇಳಿ ನೋಡಿ. ಹೆಚ್ಚಿನ ಕಡೆ ಮರ ಮೊದಲು, ಮಾಳಿಗೆ ಆಮೇಲೆ.

ಕಾಣದಿರುವ ಹಕ್ಕು

ಈಸ್‌ಮೆಂಟ್ಸ್ ಆಕ್ಟಿನಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು 18ನೇ ಸೆಕ್ಷನ್. ಅದು ಸ್ಥಳೀಯ ಪದ್ಧತಿಯಿಂದ ಹುಟ್ಟುವ ಹಕ್ಕುಗಳ ಬಗ್ಗೆ ಇದೆ. ಅಲ್ಲಿ ಕೊಟ್ಟ ಒಂದು ಉದಾಹರಣೆ ನಮ್ಮ ಪ್ರಶ್ನೆಗೆ ಪೂರ್ತಿ ಉಲ್ಟಾ. ಒಂದು ಪಟ್ಟಣದಲ್ಲಿ, ನೆರೆಯವರ ಮನೆಯ ಮರೆಯ ಭಾಗ ಕಾಣುವಂತೆ ಹೊಸ ಕಿಟಕಿ ತೆರೆಯಬಾರದು ಎಂಬ ಪದ್ಧತಿ ಇದ್ದರೆ, ಕಾನೂನು ಆ ಪದ್ಧತಿಯನ್ನು ಕಾಪಾಡುತ್ತದೆ. ನೋಡುವ ಹಕ್ಕಿಗೆ ಜಾಗ ಕೊಡದ ಕಾನೂನು, ಕಾಣದೆ ಇರುವ ಹಕ್ಕಿಗೆ ಬಾಗಿಲು ತೆರೆದಿಟ್ಟಿದೆ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಪರ್ದಾ ಪದ್ಧತಿಯ ಆಧಾರದಲ್ಲಿ ಇಂಥ ಹಕ್ಕನ್ನು ಒಪ್ಪಿತು. ಗುಜರಾತಿನ ಕಡೆಯ ಕೇಸುಗಳಲ್ಲಿ ಬೊಂಬಾಯಿ ಕೋರ್ಟೂ ಒಪ್ಪಿತು.

ಮದ್ರಾಸ್ ಹೈಕೋರ್ಟು ಮಾತ್ರ ಒಪ್ಪಲಿಲ್ಲ. 1866ರಲ್ಲೇ, ಮತ್ತೆ 1890ರ ದಶಕದಲ್ಲೂ, ನೆರೆಯವನು ಕಿಟಕಿ ತೆರೆದು ನಮ್ಮ ಮನೆಯ ಮರೆ ಕೆಡಿಸಿದ ಮಾತ್ರಕ್ಕೆ ದಾವೆ ನಿಲ್ಲುವುದಿಲ್ಲ ಎಂದಿತು. ನಮ್ಮ ಜಿಲ್ಲೆ ಆಗ ಆ ಕೋರ್ಟಿನ ಕೆಳಗೆ ಇತ್ತು. ಇದರ ಹಿಂದೆ ಇಂಗ್ಲಿಷ್ ಕಾನೂನಿನ ಒಂದು ಸರಳ ತರ್ಕ ಇದೆ: ನೆರೆಯವನ ಕಿಟಕಿ ಬೇಡವಾದರೆ ನಿನ್ನ ಜಾಗದಲ್ಲಿ ನೀನು ಮರೆ ಮಾಡಿಕೋ.

ಮರೆ ಮಾಡಿಕೊಳ್ಳುವುದು ಹೇಗೆ? ದುಡ್ಡಿದ್ದವರು ಎತ್ತರದ ಪಾಗಾರ ಕಟ್ಟುತ್ತಾರೆ. ಇಲ್ಲದವರು ಮಡಲಿನ ತಟ್ಟಿ ಕಟ್ಟುತ್ತಾರೆ ಅಥವಾ ಮರ ನೆಡುತ್ತಾರೆ. ನಮ್ಮ ಮನೆಗಳ ಹಿಂದಿನ ಅಂಗಳ ಎಂಥದ್ದು ಎಂದು ನಿಮಗೆ ಗೊತ್ತು. ಬಾವಿ, ಬಟ್ಟೆ ಒಗೆಯುವ ಕಲ್ಲು, ಬಚ್ಚಲು, ಮೀನು ಕೊಯ್ಯುವ ಜಾಗ ಎಲ್ಲ ಅಲ್ಲೇ. ಉಮ್ಮ, ತಂಗಿ, ಅತ್ತಿಗೆ ದಿನದ ಅರ್ಧ ಕಳೆಯುವುದು ಅಲ್ಲಿ. ಪಕ್ಕದಲ್ಲಿ ಹಂಚಿನ ಮನೆ ಇದ್ದಾಗ ಆಳೆತ್ತರದ ಬೇಲಿ ಸಾಕಿತ್ತು. ಪಕ್ಕದಲ್ಲಿ ಬಾಲ್ಕನಿ ಎದ್ದ ದಿನ ಆ ಬೇಲಿ ಪ್ರಯೋಜನಕ್ಕೆ ಬಾರದ ಹಾಗಾಯಿತು. ಆಗ ಉಳಿದದ್ದು ಆ ಹಲಸಿನ ಮರ, ಆ ಮಾವಿನ ಮರ.

ಆದ್ದರಿಂದ ಬಾಲ್ಕನಿಯಲ್ಲಿ ನಿಂತು ಸಮುದ್ರ ಕಾಣುವುದಿಲ್ಲ ಎನ್ನುವವರು ಒಮ್ಮೆ ಆ ಮರದ ಇನ್ನೊಂದು ಬದಿಯಿಂದ ನೋಡಬೇಕು. ನಿಮಗೆ ಅಡ್ಡವಾದದ್ದು ಅವರಿಗೆ ಮರೆ. ಮರ ಕಡಿದರೆ ನಿಮಗೆ ಸಮುದ್ರ ಕಾಣುವ ಮೊದಲು ಅವರ ಅಂಗಳ ಕಾಣುತ್ತದೆ. "ಅವರಿಗೆ ಹಠ, ಅದಕ್ಕೇ ಮರ ಕಡಿಯುವುದಿಲ್ಲ" ಎಂದು ಗಂಡಸರು ಅಂಗಡಿಯಲ್ಲಿ ಹೇಳುವ ಎಷ್ಟೋ ಜಗಳಗಳಲ್ಲಿ ನಿಜವಾದ ಕಾರಣ ಇದು. ಬಾಯಿಬಿಟ್ಟು ಹೇಳಲು ಸಂಕೋಚ, ಅದಕ್ಕೆ ಯಾರೂ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬಹುದು

ಮೊದಲನೆಯದು, ಗೆಲ್ಲು. ನೆರೆಯವರ ಮರದ ಗೆಲ್ಲು ನಮ್ಮ ಜಾಗದ ಮೇಲೆ ಬಂದರೆ, ಅವರ ಜಾಗಕ್ಕೆ ಕಾಲಿಡದೆ, ಗಡಿಯ ತನಕ ಕಡಿಯಬಹುದು ಎಂದು 1894ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಮ್ಮ ದೇಶದ ಕೋರ್ಟುಗಳೂ ಸಾಮಾನ್ಯವಾಗಿ ಇದೇ ದಾರಿ ಹಿಡಿದಿವೆ. ಗಡಿಯ ಆಚೆಗೆ ಒಂದು ಗೇಣು ಹೋದರೂ ತಪ್ಪು. ಕಡಿದ ಗೆಲ್ಲಿನಲ್ಲಿದ್ದ ಹಣ್ಣು ಮರದವರದ್ದೇ ಎಂದು 1919ರ ಒಂದು ಇಂಗ್ಲಿಷ್ ತೀರ್ಪು ಹೇಳುತ್ತದೆ. ಕಾನೂನು ಹಾಗೆ ಹೇಳಿದರೂ ಮೊದಲು ಒಂದು ಮಾತು ಹೇಳಿ ಕಡಿಯುವುದೇ ನಮ್ಮ ಕ್ರಮ.

ಎರಡನೆಯದು, ಅಪಾಯ. ಮರ ಬಿದ್ದು ಜನರಿಗೆ ಹಾನಿಯಾಗುವ ಸ್ಥಿತಿ ಇದ್ದರೆ ಸಿವಿಲ್ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಪಂಚಾಯತಿಗೆ ಬರೆದು ಕೊಡಬಹುದು. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ 133ನೇ ಸೆಕ್ಷನ್, 2024 ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 152ನೇ ಸೆಕ್ಷನ್, ಮರ ತೆಗೆಸುವ ಅಥವಾ ಆಧಾರ ಕೊಡಿಸುವ ಆದೇಶ ಮಾಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುತ್ತದೆ. ಆದರೆ ಅಪಾಯ ನಿಜವಾಗಿರಬೇಕು. ನೋಟಕ್ಕಾಗಿ ಅಪಾಯದ ಕಥೆ ಕಟ್ಟಿದರೆ ಜಾಗ ನೋಡಲು ಬಂದ ಅಧಿಕಾರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೆಯದು, ಮರದವರು ಒಪ್ಪಿದರೂ ಗಡಿಯ ಎರಡು ಬದಿಯಲ್ಲಿ ಕಡಿಯುವ ನಿಯಮ ಬೇರೆ ಬೇರೆ. ದಕ್ಷಿಣ ಕನ್ನಡದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್ ಮುಂತಾದ ವಿನಾಯಿತಿಯ ಮರಗಳನ್ನು ಬಿಟ್ಟರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೇರಳದ 2005ರ ಕಾನೂನು, ಅಧಿಸೂಚಿತವಲ್ಲದ ಪ್ರದೇಶದ ಖಾಸಗಿ ಜಾಗದಲ್ಲಿ ಗಂಧದ ಮರ ಬಿಟ್ಟು ಉಳಿದ ಮರಗಳನ್ನು ಕಡಿಯುವ ವಿಷಯದಲ್ಲಿ ಮಾಲೀಕನಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಬರವಣಿಗೆ. ಈ ಜಗಳಗಳಲ್ಲಿ ತುಂಬಾ ಇರುವುದು ಒಂದೇ ಮನೆತನದ ಒಳಗೆ. ಉಪ್ಪನ ಕಾಲದ ಹಿತ್ತಿಲು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಪಾಲಾಗಿ ಹತ್ತು ಸೆಂಟ್ಸು, ಎಂಟು ಸೆಂಟ್ಸು ಆಗಿದೆ. ಆಕ್ಟಿನ 13ನೇ ಸೆಕ್ಷನ್ ಪ್ರಕಾರ ಪಾಲಾಗುವ ಹೊತ್ತಿಗೆ ಹಳೆಯ ಮನೆಯ ಕಿಟಕಿಗೆ ಬರುತ್ತಿದ್ದ ಬೆಳಕು, 20 ವರ್ಷ ಕಾಯದೆಯೇ, ಮನೆ ಪಡೆದವರ ಹಕ್ಕಾಗಿ ಬರಬಹುದು. ನೋಟಕ್ಕೆ ಹಾಗಿಲ್ಲ. ಅದು ಬೇಕೆಂದಿದ್ದರೆ ಆಧಾರದಲ್ಲಿ ಬರೆದಿರಬೇಕು: ಈ ಬದಿಯಲ್ಲಿ ಇಷ್ಟು ಎತ್ತರಕ್ಕಿಂತ ಹೆಚ್ಚು ಕಟ್ಟುವುದಿಲ್ಲ, ಮರ ನೆಡುವುದಿಲ್ಲ ಎಂದು. ಮರೆ ಬೇಕಾದವರೂ ಅದನ್ನೇ ಬರೆಸಬಹುದು: ಅಂಗಳ ಕಾಣುವ ಬದಿಗೆ ಕಿಟಕಿ ಎತ್ತರದಲ್ಲಿ ಇಡಬೇಕು, ಬಾಲ್ಕನಿ ಇಡಬಾರದು ಎಂದು. ಪಾಲಿನ ದಿನ ಎಲ್ಲರೂ ಒಂದೇ ಸುಪ್ರದಲ್ಲಿ ಊಟಕ್ಕೆ ಕುಳಿತಿರುವಾಗ ಈ ಎರಡು ಸಾಲು ಬರೆಸಲು ಕಷ್ಟವಿಲ್ಲ. ಹತ್ತು ವರ್ಷ ಕಳೆದು ಮಾತು ಬಿಟ್ಟ ಮೇಲೆ ಯಾವ ವಕೀಲರೂ ಅದನ್ನು ಬರೆಸಿಕೊಡಲಾರರು.

ಇನ್ನು ತೆಂಗಿನ ಮರದ ಬಗ್ಗೆ ಜಗಳವಾದರೆ ಒಂದು ಲೆಕ್ಕ ನೋಡಿ. ಮಾಳಿಗೆಯ ಬಾಲ್ಕನಿಯಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 5 ಮೀಟರ್ ಮೇಲೆ ಇರುತ್ತದೆ. ಎಳೆಯ ತೆಂಗಿನ ಮಡಲು ಹರಡುವುದು ಸರಿಯಾಗಿ ಆ ಎತ್ತರದಲ್ಲೇ, ಅದಕ್ಕೆ ಅಡ್ಡ. ಹದಿನೈದು ಇಪ್ಪತ್ತು ವರ್ಷದಲ್ಲಿ ಮರ ಎದ್ದು ಅದರ ತಲೆ ಕಣ್ಣಿನ ಗೆರೆಗಿಂತ ಮೇಲೆ ಹೋಗುತ್ತದೆ, ಆಮೇಲೆ ಅಡ್ಡ ಉಳಿಯುವುದು ಕಾಂಡದ ಒಂದು ಅಡಿ ಅಗಲ ಮಾತ್ರ. ಮುನ್ಸಿಫ್ ಕೋರ್ಟಿನಲ್ಲಿ ಶುರುವಾಗಿ ಅಪೀಲಿನ ಮೇಲೆ ಅಪೀಲು ಹೋದ ದಾವೆಗೂ ಕೆಲವೊಮ್ಮೆ ಅಷ್ಟೇ ಕಾಲ ಬೇಕಾಗುತ್ತದೆ. ಆ ದಾವೆಯ ಕೊನೆಗೆ ತೀರ್ಪು ಯಾರ ಕಡೆ ಬಂದರೂ, ನಡುವಿನ ವರ್ಷಗಳ ಮದುವೆ, ಮಯ್ಯತ್ತು, ಹಬ್ಬಗಳಲ್ಲಿ ಪಕ್ಕದ ಮನೆಯವರು ಬಂದಿರುವುದಿಲ್ಲ. ಕಾಯುವುದೇ ಆದರೆ ಕೇಸು ಹಾಕದೆ ಕಾಯಬಹುದು, ಬೊಂಡವಾದರೂ ಎರಡು ಮನೆಗೂ ಸಿಗುತ್ತದೆ.